‘ಪಾಸ್‌ಪೋರ್ಟ್ ಸೈಜ್’ ಎಂಬುದು ಒಂದೇ ಅಳತೆಯಲ್ಲ

ಮಗಳ ಬಾಣಂತನಕ್ಕೆಂದೋ ಮಗನ ಘಟಿಕೋತ್ಸವಕ್ಕೆಂದೋ ವಿದೇಶಕ್ಕೆ ಹೊರಡುವ ಹಿರಿಯರು ವಿಶಾಖಪಟ್ಟಣ, ವಿಜಯವಾಡಗಳ ಕನ್ನಡ ಕುಟುಂಬಗಳಲ್ಲಿ ಈಗ ಅಪರೂಪವಲ್ಲ. ಇತರ ಕಾಗದಪತ್ರಗಳನ್ನು ಜಾಗರೂಕತೆಯಿಂದ ಹೊಂದಿಸಿಕೊಳ್ಳುವ ನಾವು ಭಾವಚಿತ್ರದ ವಿಷಯದಲ್ಲಿ ಮಾತ್ರ ಉದಾಸೀನರಾಗಿರುತ್ತೇವೆ. ಪೆಂಡುರ್ತಿಯ ಸ್ಟುಡಿಯೊ ಒಂದರಲ್ಲಿ ‘ಪಾಸ್‌ಪೋರ್ಟ್ ಸೈಜ್’ ಎಂದಷ್ಟೇ ಹೇಳಿ ಚಿತ್ರ ತೆಗೆಸಿಕೊಂಡ ನಾವು, ಅಮೆರಿಕದ ವೀಸಾ ಅರ್ಜಿ ತುಂಬುವ ರಾತ್ರಿ ಪೇಚಿಗೆ ಸಿಲುಕಿದ್ದೆವು. ತಪ್ಪು ಛಾಯಾಗ್ರಾಹಕರದಲ್ಲ, ದೇಶದ ಹೆಸರು ಹೇಳದ ನಮ್ಮದು. ಓದುಗರ ಅನುಕೂಲಕ್ಕಾಗಿ ಮುಖ್ಯ ನಿಯಮಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಭಾರತ: ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಭಾವಚಿತ್ರವನ್ನು ಅಲ್ಲಿಯೇ ತೆಗೆಯುತ್ತಾರೆ. 4 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬಿಳಿ ಹಿನ್ನೆಲೆಯ, 4.5×3.5 ಸೆಂ.ಮೀ. ಚಿತ್ರವನ್ನು ಒಯ್ಯಬೇಕು.

ಅಮೆರಿಕ: 2×2 ಅಂಗುಲದ ಚೌಕ, ಬಿಳಿ ಹಿನ್ನೆಲೆ. ಗದ್ದದಿಂದ ನೆತ್ತಿಯವರೆಗೆ 25ರಿಂದ 35 ಮಿ.ಮೀ. ಇರಬೇಕು. ಚಿತ್ರ 6 ತಿಂಗಳಿಗಿಂತ ಹಳೆಯದಾಗಿರಬಾರದು. ವಿರಳವಾದ ವೈದ್ಯಕೀಯ ಕಾರಣಗಳನ್ನು ಬಿಟ್ಟರೆ, 2016ರ ನವೆಂಬರ್ 1ರಿಂದ ಕನ್ನಡಕಕ್ಕೆ ಅವಕಾಶವಿಲ್ಲ. ಅರ್ಜಿಯೊಂದಿಗೆ ಸಲ್ಲಿಸುವ ಕಡತ 240 ಕಿಲೋಬೈಟ್ ಮೀರಬಾರದು.

ಷೆಂಗೆನ್ ದೇಶಗಳು: 35×45 ಮಿ.ಮೀ., ತಿಳಿ ಹಿನ್ನೆಲೆ. ಚಿತ್ರದ ಎತ್ತರದಲ್ಲಿ ಮುಖವು ಶೇ. 70ರಿಂದ 80ರಷ್ಟನ್ನು ಆವರಿಸಿರಬೇಕು.

ಬ್ರಿಟನ್: ಅಲ್ಲಿಯ ಪೌರತ್ವವುಳ್ಳ ಮೊಮ್ಮಕ್ಕಳ ಪಾಸ್‌ಪೋರ್ಟಿಗೂ 35×45 ಮಿ.ಮೀ. ಚಿತ್ರವೇ, ಆದರೆ ಹಿನ್ನೆಲೆ ಕೆನೆ ಬಣ್ಣ ಅಥವಾ ತಿಳಿ ಬೂದು. ಚಿತ್ರವನ್ನು ಒಂದು ತಿಂಗಳೊಳಗೆ ತೆಗೆಸಿರಬೇಕು. ಒಂದು ವರ್ಷದೊಳಗಿನ ಶಿಶು ಕಣ್ಣು ಮುಚ್ಚಿದ್ದರೂ ಅಡ್ಡಿಯಿಲ್ಲ.

ಕೆನಡಾ: ಪಾಸ್‌ಪೋರ್ಟಿಗೆ 50×70 ಮಿ.ಮೀ. ಬೇಕು, ವೀಸಾಕ್ಕೆ ಕಾಗದದ ಚಿತ್ರ ಕೇಳಿದಾಗ 35×45 ಮಿ.ಮೀ. ಸಾಕು. ಒಂದೇ ದೇಶದಲ್ಲಿ ಉದ್ದೇಶ ಬದಲಾದರೆ ಅಳತೆಯೂ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಈ ಕಟ್ಟುನಿಟ್ಟು ಅಧಿಕಾರಿಗಳ ಹಟವಲ್ಲ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಂದಿಗೆ ನಾವು ಹೋಲಿಸುವಂತೆಯೇ, ವಿಮಾನ ನಿಲ್ದಾಣದ ಯಂತ್ರವು ಮುಖವನ್ನು ಭಾವಚಿತ್ರದೊಂದಿಗೆ ಹೋಲಿಸುತ್ತದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡಗಳು ಇದಕ್ಕೆ ಆಧಾರ. ಆದ್ದರಿಂದ ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಮುಖದ ಮೇಲಾಗಲಿ ಗೋಡೆಯ ಮೇಲಾಗಲಿ ನೆರಳು ಬೀಳಬಾರದು. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಿಕೊಳ್ಳುವವರಿಗೆ ಸಾಮಾನ್ಯವಾಗಿ ವಿನಾಯಿತಿಯುಂಟು. ಆದರೆ ಮುಖ ಪೂರ್ಣವಾಗಿ ಕಾಣಬೇಕು.

ಮೈಬಣ್ಣ ತಿಳಿಗೊಳಿಸಿ, ಮಚ್ಚೆ ಅಳಿಸಿ, ಸುಕ್ಕು ಮರೆಸಿ ಚಿತ್ರವನ್ನು ಅಂದಗೊಳಿಸುವ ಅಭ್ಯಾಸ ನಮ್ಮ ಸ್ಟುಡಿಯೊಗಳಲ್ಲಿ ಹೆಚ್ಚು. ಮದುವೆಯ ಆಲ್ಬಮ್ಮಿಗೆ ಅದು ಶೋಭೆ. ವೀಸಾ ಅರ್ಜಿಗೆ ಅದೇ ವಿಘ್ನ. ಅದು ಬೇಡವೆಂದು ಮೊದಲೇ ಹೇಳಿಬಿಡಿ.

ಕ್ಯಾಮೆರಾದ ಮುಂದೆ ಕೂರುವ ಮೊದಲು ಮೂರು ವಿಷಯಗಳನ್ನು ತಿಳಿಸುವುದು ಒಳಿತು: ಯಾವ ದೇಶ, ಪಾಸ್‌ಪೋರ್ಟಿಗೋ ವೀಸಾಕ್ಕೋ, ಕಾಗದದ ಪ್ರತಿಯೋ ಕಂಪ್ಯೂಟರ್ ಕಡತವೋ. ನಿಯಮಗಳು ಆಗಾಗ ಪರಿಷ್ಕೃತವಾಗುವುದರಿಂದ, ಆಯಾ ದೇಶದ ಅಧಿಕೃತ ಜಾಲತಾಣವನ್ನು ಅದೇ ವಾರ ನೋಡಿ ಹೊರಡಿ. ಹೆರಿಗೆಯ ದಿನ ನಮ್ಮ ಅರ್ಜಿಗಾಗಿ ಕಾಯುವುದಿಲ್ಲ.