ಉಪ್ಪಿಲ್ಲದ ಅನ್ನ: 1736ರ ಗೋವೆಯ ಶಾಸನ ಮತ್ತು ಅಂತರಂಗದ ವಿಶ್ವಾಸದ ಪ್ರಶ್ನೆ

ಗೋವೆಯ ಇಂಕ್ವಿಸಿಷನ್, ಅಂದರೆ ಕ್ಯಾಥೊಲಿಕ್ ಧರ್ಮವಿಚಾರಣಾ ಮಂಡಳಿ, 1736ರ ಏಪ್ರಿಲ್ 14ರಂದು ಹೊರಡಿಸಿದ ಶಾಸನದಲ್ಲಿ ಅಡುಗೆಮನೆಗೆ ಸಂಬಂಧಿಸಿದ ಒಂದು ನಿಷೇಧವಿದೆ. ಕ್ರೈಸ್ತರು ಅನ್ನವನ್ನು ಉಪ್ಪು ಹಾಕದೆ ಬೇಯಿಸಿ, ಆಮೇಲೆ ಉಪ್ಪು ಬೆರೆಸಿಕೊಂಡು ಉಣ್ಣಬಾರದು. ಅದು ಹಿಂದೂಗಳ ರೂಢಿ. ಅದೇ ಶಾಸನವು ಮದುವೆಯಲ್ಲಿ ಅರಿಶಿನ, ತೆಂಗಿನ ಎಣ್ಣೆ ಹಚ್ಚುವುದನ್ನೂ, ಹೆಂಗಸರು 'ವೊವಿಯೊ' ಹಾಡುಗಳನ್ನು ಹಾಡುವುದನ್ನೂ, ವೀಳ್ಯ ಹಂಚುವುದನ್ನೂ, ತುಳಸಿ ನೆಡುವುದನ್ನೂ, ಏಕಾದಶಿಯ ಉಪವಾಸವನ್ನೂ, ಗಂಡಸರ ಧೋತ್ರವನ್ನೂ, ಹೆಂಗಸರ ರವಿಕೆಯನ್ನೂ ನಿಷೇಧಿಸಿತು. ಕೊಂಕಣಿ ಜನಪದ ಬದುಕಿನ ಇಷ್ಟು ವಿವರವಾದ ಪಟ್ಟಿಯನ್ನು ಆ ಕಾಲದ ಬೇರೆ ದಾಖಲೆಗಳಲ್ಲಿ ಕಾಣುವುದು ಅಪರೂಪ. ಒಂದು ಜೀವನಕ್ರಮವನ್ನು ಅಳಿಸಲು ಹೊರಟ ದಾಖಲೆಯೇ ಅದನ್ನು ಬರೆದಿಟ್ಟುಕೊಟ್ಟಿದೆ!

ಫ್ರಾನ್ಸಿಸ್ ಝೇವಿಯರ್ 1546ರಲ್ಲಿಯೇ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು ಬೇಡಿದ್ದ ಈ ಮಂಡಳಿ 1560ರಲ್ಲಿ ಗೋವೆಯಲ್ಲಿ ಸ್ಥಾಪನೆಗೊಂಡಿತು. ನಡುವೆ ಕೆಲವು ವರ್ಷ ರದ್ದಾಗಿದ್ದುದನ್ನು ಬಿಟ್ಟರೆ 1812ರವರೆಗೂ ನಡೆಯಿತು. ಮೊದಲು ಅದರ ದೃಷ್ಟಿ ಮತಾಂತರಗೊಂಡೂ ಒಳಗೊಳಗೆ ಯೆಹೂದಿಗಳಾಗಿಯೇ ಉಳಿದರೆಂದು ಶಂಕಿಸಲಾದ ಪೋರ್ಚುಗೀಸರ ಮೇಲಿತ್ತು. ಕಾಲಕ್ರಮದಲ್ಲಿ ಅದು ಸ್ಥಳೀಯ ಕ್ರೈಸ್ತರ ಹೊಸ್ತಿಲನ್ನು ದಾಟಿತು. ಅದು ಹುಡುಕುತ್ತಿದ್ದುದು ಕಪಟವನ್ನು: ಹೊರಗೆ ಕ್ರೈಸ್ತ, ಒಳಗೆ ಅನ್ಯ.

ಕ್ರೈಸ್ತಧರ್ಮದಲ್ಲಿ ಕಪಟದ ಪ್ರಶ್ನೆ ಹೊಸದಲ್ಲ. ಸುವಾರ್ತೆಗಳಲ್ಲಿ ಯೇಸು ಅತ್ಯಂತ ಕಠೋರವಾಗಿ ಮಾತನಾಡಿರುವುದು ಪಾಪಿಗಳ ವಿಷಯದಲ್ಲಲ್ಲ, ಸೊಪ್ಪು ಜೀರಿಗೆಗಳಲ್ಲಿಯೂ ದಶಮಾಂಶ ತೆಗೆದಿಟ್ಟು ನ್ಯಾಯ, ಕರುಣೆಗಳನ್ನು ಮರೆತ ಫರಿಸಾಯರ ವಿಷಯದಲ್ಲಿ. ಅಲ್ಲಿ ಬಳಕೆಯಾದ ಗ್ರೀಕ್ ಪದಕ್ಕೆ ಮೂಲದಲ್ಲಿ ನಟ, ವೇಷಧಾರಿ ಎಂಬ ಅರ್ಥವಿತ್ತು. ಕನ್ನಡದ 'ಕಪಟಿ' ಎಂಬ ಅನುವಾದದಲ್ಲಿ ಆ ರಂಗಭೂಮಿಯ ಛಾಯೆ ಉಳಿದಿಲ್ಲ. ನಮ್ಮ 'ವೇಷ' ಎಂಬ ಮಾತು ಅದಕ್ಕೆ ಇನ್ನೂ ಸಮೀಪವಾಗುತ್ತಿತ್ತು.

ಮಂಡಳಿಯ ತೊಡಕು ಇರುವುದು ಇಲ್ಲಿಯೇ. ಪಾಷಂಡಿತನ ಮನಸ್ಸಿನ ಅಪರಾಧ. ಆದರೆ ನ್ಯಾಯಾಲಯಕ್ಕೆ ಬೇಕಾದುದು ಕಣ್ಣಿಗೆ ಕಾಣುವ ಸಾಕ್ಷ್ಯ. ಆದ್ದರಿಂದ ಅನ್ನದ ಉಪ್ಪು ವಿಶ್ವಾಸದ ಅಳತೆಗೋಲಾಯಿತು. ದೂರು ಕೊಟ್ಟವರ ಹೆಸರನ್ನು ಆರೋಪಿಗೆ ತಿಳಿಸುತ್ತಿರಲಿಲ್ಲ. ಈ ಮಂಡಳಿಯ ಸೆರೆಯಲ್ಲಿದ್ದ ಫ್ರೆಂಚ್ ವೈದ್ಯ ಶಾರ್ಲ್ ದೆಲೋನ್ 1687ರಲ್ಲಿ ಪ್ರಕಟಿಸಿದ ವೃತ್ತಾಂತ ಈ ಗುಟ್ಟಿನ ವ್ಯವಸ್ಥೆಯನ್ನು ಯುರೋಪಿಗೆ ತಿಳಿಸಿತು. ಹೀಗಿರುವಾಗ ನೆರೆಯವರ ಕಣ್ಣಿಗೆ ಸರಿಯಾಗಿ ಕಾಣುವುದೇ ಧರ್ಮವಾಗುತ್ತದೆ. ಕಪಟವನ್ನು ಹಿಡಿಯಲು ಹುಟ್ಟಿದ ಸಂಸ್ಥೆಯೇ ಪ್ರತಿ ಮನೆಯನ್ನೂ ವೇಷಕ್ಕೆ ದೂಡಿತು ಎನ್ನಬೇಕಾಗುತ್ತದೆ.

ಶಂಕೆಯೆಲ್ಲ ನಿರಾಧಾರವಾಗಿತ್ತು ಎಂದು ಹೇಳುವುದೂ ಸರಿಯಲ್ಲ. ಹದಿನಾರನೆಯ ಶತಮಾನದಲ್ಲಿ ಮಂಗೇಶಿಯಂಥ ದೇವತೆಗಳನ್ನು ನದಿಯಾಚೆಗೆ, ಪೋರ್ಚುಗೀಸರ ಆಳ್ವಿಕೆಗೆ ಸೇರದ ಫೋಂಡಾ ಸೀಮೆಗೆ ಒಯ್ಯಲಾಗಿತ್ತು. ಮತಾಂತರಗೊಂಡವರೆಲ್ಲರ ಮನಸ್ಸೂ ಈಚೆಯ ದಡದಲ್ಲಿಯೇ ಉಳಿದಿತ್ತೆಂದು ಭಾವಿಸಲಾಗದು. ಆದರೆ ಒತ್ತಾಯಕ್ಕೆ ತಲೆಬಾಗಿದವನ ಹಳೆಯ ನಿಷ್ಠೆಯನ್ನು ಕಪಟವೆಂದು ಕರೆಯುವ ಅಧಿಕಾರ ಒತ್ತಾಯಿಸಿದವನಿಗೆ ಇರಲಾರದು. ಪ್ರಾಮಾಣಿಕವಾಗಿ ಕ್ರಿಸ್ತನನ್ನು ನಂಬಿಯೂ ಅಜ್ಜಿ ಕಲಿಸಿದಂತೆ ಅಡುಗೆ ಮಾಡಿದವರ ಸ್ಥಿತಿ ಇನ್ನೂ ಕಷ್ಟದ್ದು. ಅವರಿಗೆ ಶಾಸನದಲ್ಲಿ ಸ್ಥಳವೇ ಇರಲಿಲ್ಲ.

ಸ್ಥಳ ಸಾಧ್ಯವಿತ್ತು ಎಂಬುದಕ್ಕೆ ಚರ್ಚಿನೊಳಗಿನಿಂದಲೇ ನಿದರ್ಶನಗಳಿವೆ. ಥಾಮಸ್ ಸ್ಟೀಫನ್ಸ್ 1616ರಲ್ಲಿ ಮುದ್ರಣಗೊಂಡ ತನ್ನ 'ಕ್ರಿಸ್ತಪುರಾಣ'ವನ್ನು ಓವಿ ಛಂದಸ್ಸಿನಲ್ಲಿಯೇ ರಚಿಸಿದ. ಮಧುರೆಯಲ್ಲಿ ರೊಬೆರ್ತೊ ದೆ ನೊಬಿಲಿ ಜನಿವಾರ, ಗಂಧಗಳು ಸಾಮಾಜಿಕ ಚಿಹ್ನೆಗಳೆಂದು ವಾದಿಸಿದಾಗ 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಷರತ್ತುಗಳೊಡನೆ ಅವನ್ನು ಒಪ್ಪಿದರು. ಆದರೆ ಗೋವೆಯ ಗಾಳಿ ಬೇರೆಯಾಗಿತ್ತು. 1684ರ ವೈಸರಾಯರ ಆಜ್ಞೆ ಕೊಂಕಣಿ ಭಾಷೆಯನ್ನೇ ತೊರೆಯಲು ಮೂರು ವರ್ಷದ ಗಡುವು ವಿಧಿಸಿತು.

ಮಂಡಳಿಯ ವಿಚಾರಣಾ ಕಡತಗಳಲ್ಲಿ ಬಹುಪಾಲು ನಾಶವಾಗಿವೆ. ಎ. ಕೆ. ಪ್ರಿಯೋಳ್ಕರ್ ಅವರ 1961ರ ಗ್ರಂಥ ಈ ಶಾಸನವನ್ನು ವಿದ್ವಾಂಸರ ಗಮನಕ್ಕೆ ತಂದಿತಾದರೂ ಅದಕ್ಕೆ ಉತ್ತರ ಕೊಟ್ಟವರ ದನಿ ಕಡತದಲ್ಲಿಲ್ಲ, ಆಚರಣೆಯಲ್ಲಿದೆ. ಅದನ್ನು ಕೇಳಲು ಕರ್ನಾಟಕದ ಕರಾವಳಿಗೆ ಬರಬೇಕು. ಇಂಕ್ವಿಸಿಷನ್ನಿನ ಭಯ, ಕ್ಷಾಮ, ಮರಾಠರ ದಾಳಿ ಮುಂತಾದ ಹಲವು ಕಾರಣಗಳಿಂದ ಕೊಂಕಣಿ ಕ್ರೈಸ್ತರು ಕೆನರಾಕ್ಕೆ ವಲಸೆ ಬಂದರು. ಗೋವೆಯ ಧರ್ಮಾಧಿಕಾರ ಇಲ್ಲಿಗೂ ಚಾಚಿತ್ತು. ಆದರೆ ರಾಜದಂಡ ಕೆಳದಿಯ ನಾಯಕರ ಕೈಯಲ್ಲಿತ್ತು. ಈ ಅಂತರದಲ್ಲಿ ನಿಷಿದ್ಧವಾದವು ಉಸಿರಾಡಿದವು.

ಮಂಗಳೂರಿನ ಕ್ಯಾಥೊಲಿಕರ ಮನೆಗಳಲ್ಲಿ ಮದುವೆಯ ಮುನ್ನಾದಿನ ನಡೆಯುವ 'ರೋಸ್' ಇದಕ್ಕೆ ಸ್ಪಷ್ಟವಾದ ಸಾಕ್ಷಿ. ವಧುವರರಿಗೆ ಅವರವರ ಮನೆಯಲ್ಲಿ ತೆಂಗಿನ ಹಾಲು, ತೆಂಗಿನೆಣ್ಣೆಗಳನ್ನು ಹಚ್ಚಿ ಮೀಯಿಸುತ್ತಾರೆ. ಹಚ್ಚುವ ಕೈ ಮೊದಲು ಹಣೆಯ ಮೇಲೆ ಶಿಲುಬೆಯ ಗುರುತು ಬರೆಯುತ್ತದೆ. ಹಿರಿಯ ಹೆಂಗಸರು ಎತ್ತಿಕೊಡುವ ವೊವಿಯೊ ಹಾಡು ಶಿಲುಬೆಯ ಸ್ಮರಣೆಯಿಂದಲೇ ಆರಂಭವಾಗುತ್ತದೆ. ಸೆಪ್ಟೆಂಬರ್ 8ರಂದು, ಮರಿಯಮ್ಮನ ಜನ್ಮದಿನದ 'ಮೊಂತಿ ಫೆಸ್ತ್'ನಲ್ಲಿ, ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅಂದಿನ ಊಟ ಸಸ್ಯಾಹಾರ. ಇವನ್ನು ಹಳೆಯ ಮತದ ಅವಶೇಷಗಳೆಂದು ಮಾತ್ರ ವಿವರಿಸುವ ವಿದ್ವಾಂಸರು, ತಿಳಿಯದೆಯೇ, 1736ರ ಶಾಸನಕಾರರ ತರ್ಕವನ್ನೇ ಒಪ್ಪಿದಂತಾಗುತ್ತದೆ. ಎಣ್ಣೆ ಹಚ್ಚುವ ತಾಯಿಗೆ ಅದು ತನ್ನ ಮಗಳಿಗಾಗಿ ಸಲ್ಲಿಸುವ ಪ್ರಾರ್ಥನೆ.