ನುಮಾಯಿಷ್ ಇಲ್ಲದ ವರ್ಷ



ಹೋದ ತಿಂಗಳ ಫೋನ್-ಇನ್ ಕಾರ್ಯಕ್ರಮದಲ್ಲಿ ಒಬ್ಬರು "ಮೇಡಂ, ಲಿಂಗಂಪಲ್ಲಿಯಿಂದ ಮಾತಾಡ್ತಾ ಇದೀನಿ" ಅಂದರು. ನಾನು ಹಿಂದೆಮುಂದೆ ನೋಡದೆ "ಚೌರಸ್ತಾ ಹತ್ತಿರಾನಾ?" ಅಂತ ಕೇಳಿಬಿಟ್ಟೆ. ಪಾಪ, ಅವರಿಗೆ ಗಲಿಬಿಲಿ. ಅವರದು ರೈಲು ನಿಲ್ದಾಣದ ಲಿಂಗಂಪಲ್ಲಿ. 2003ರಲ್ಲಿ ಎಂಎಂಟಿಎಸ್ ರೈಲು ಶುರುವಾದ ಮೇಲೆ, ಸಾಫ್ಟ್‌ವೇರ್ ಕಂಪನಿಗಳು ಆ ದಿಕ್ಕಿಗೆ ಬೆಳೆದ ಮೇಲೆ, ನಮ್ಮ ಕೇಳುಗರಲ್ಲಿ ಹೆಚ್ಚಿನವರು ಇರುವುದು ಅಲ್ಲೇ. ನನ್ನ ನಾಲಿಗೆಗೆ ಬಂದದ್ದು ಮಾತ್ರ ಇನ್ನೊಂದು ಲಿಂಗಂಪಲ್ಲಿ, ಕಾಚಿಗುಡದ ಮಗ್ಗುಲಿನದು. ಎರಡರ ನಡುವೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹೊಸದಾಗಿ ಬಂದವರು ಆಟೋದವನ ಜತೆ ಈ ಹೆಸರಿಗಾಗಿ ಜಗಳ ಆಡಿದ್ದೂ ಉಂಟು!

ಆ ಹಳೆಯ ಲಿಂಗಂಪಲ್ಲಿಯಲ್ಲಿ ನಮ್ಮ ಅಜ್ಜಿ ಎಪ್ಪತ್ತು ವರ್ಷ ಇದ್ದಳು. ಇವತ್ತು ಅವಳ ವಿಷಯ ಹೇಳುತ್ತೇನೆ. ಅವಳು ಹೋರಾಟಗಾರ್ತಿ ಅಲ್ಲ, ಬರಹಗಾರ್ತಿಯೂ ಅಲ್ಲ. ಚೆನ್ನಾಗಿ ತಿರುಗಾಡಿದವಳು, ಅಷ್ಟೆ.

1946ರ ಬೇಸಿಗೆಯಲ್ಲಿ ಕಲಬುರಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು. ತಾತ ಕಾಚಿಗುಡ ಸ್ಟೇಷನ್ನಿನಲ್ಲಿ ಗುಮಾಸ್ತ. ಹೊಸ ಹೆಂಡತಿಗೆ ಆತ ಕೊಟ್ಟ ಮೊದಲ ಮಾತು, "ಬರೋ ಚಳಿಗಾಲಕ್ಕ ನುಮಾಯಿಷ್ ತೋರಿಸ್ತೀನಿ" ಅಂತ. ನುಮಾಯಿಷ್ ಅಂದರೆ ನಿಮಗೆಲ್ಲ ಗೊತ್ತು, ಜನವರಿ ಬಂತೆಂದರೆ ನಾಂಪಲ್ಲಿಯಲ್ಲಿ ತೆರೆಯುವ ಎಕ್ಸಿಬಿಷನ್. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಬಾಗ್-ಎ-ಆಮ್‌ನಲ್ಲಿ, ಅಂದರೆ ಈಗಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿ, ಹತ್ತು ದಿನದ ಮಟ್ಟಿಗೆ ಇದನ್ನು ಹೂಡಿದರು. ಕೈಯಲ್ಲಿದ್ದ ಬಂಡವಾಳ ಎರಡೂವರೆ ರೂಪಾಯಿ ಅಂತ ಇಂದಿಗೂ ಹೇಳುತ್ತಾರೆ. 1946ರ ಹೊತ್ತಿಗೆ ಜಾಗ ಸಾಲದೆ ನಾಂಪಲ್ಲಿ ಮೈದಾನಕ್ಕೆ ಬಂತು.

ತಾತ ಮಾತು ಕೊಟ್ಟದ್ದೇನೋ ಸರಿ. ಆದರೆ 1947ರಲ್ಲಿ ನುಮಾಯಿಷ್ ನಡೆಯಲಿಲ್ಲ. 1948ರಲ್ಲೂ ನಡೆಯಲಿಲ್ಲ. ಆ ದಿನಗಳ ಕತೆ ನೀವು ಪುಸ್ತಕದಲ್ಲಿ ಓದಿರುತ್ತೀರಿ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಹೈದರಾಬಾದಿಗೆ ಬರಲಿಲ್ಲ, ರಜಾಕಾರರ ಹಾವಳಿ, ಕೊನೆಗೆ 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ. ನಾನು ಬಿ.ಎ.ಯಲ್ಲಿ ಇದರ ಮೇಲೆ ಹತ್ತು ಅಂಕದ ಉತ್ತರ ಬರೆದವಳು. ಅಜ್ಜಿಯ ಬಾಯಲ್ಲಿ ಮಾತ್ರ ಅದಕ್ಕೆಲ್ಲ ಒಂದೇ ಹೆಸರು: ನುಮಾಯಿಷ್ ಇಲ್ಲದ ವರ್ಷ. "ನಿಮ್ಮ ಸಣ್ಣಜ್ಜ ಯಾವಾಗ ಹುಟ್ಟಿದ್ದು?" ಅಂದರೆ "ಎರಡನೇ ಸಲ ನುಮಾಯಿಷ್ ಇರಲಿಲ್ಲಲ್ಲ, ಆ ವರ್ಷ." ಆ ಎರಡು ವರ್ಷದಲ್ಲಿ ಅವಳು ಹೊಸ್ತಿಲು ದಾಟಿದ್ದು ನಾಲ್ಕೈದು ಸಲವಂತೆ. ತವರಿನಿಂದ ಆರು ತಿಂಗಳು ಕಾಗದವೇ ಇಲ್ಲ. ಮನೆಯವರು ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗಿದ್ದರೆಂಬುದು ಅವಳಿಗೆ ತಿಳಿದದ್ದು ಅವರು ತಿರುಗಿ ಬಂದ ಮೇಲೆ. ಇದನ್ನೆಲ್ಲ ನಾವು ಕೇಳಿ ಕೇಳಿ ಹೊರಡಿಸಬೇಕಾಗಿತ್ತು. ತಾನಾಗಿ ಹೇಳುತ್ತಿದ್ದದ್ದು 1949ರ ನುಮಾಯಿಷಿನ ಸುದ್ದಿ.

ಆ ವರ್ಷ ಗವರ್ನರ್ ಜನರಲ್ ರಾಜಾಜಿ ಬಂದು ಉದ್ಘಾಟಿಸಿದರು. ನಮ್ಮ ಅಜ್ಜಿ ಹೋದದ್ದು ಹೆಂಗಸರಿಗೆ ಮೀಸಲಿಟ್ಟ ದಿನ, ಅತ್ತೆ ಮತ್ತು ಮೂವರು ನೆರೆಯವರ ಸಂಗಡ, ಪರದೆ ಕಟ್ಟಿದ ಎರಡು ರಿಕ್ಷಾಗಳಲ್ಲಿ. ಲಿಂಗಂಪಲ್ಲಿಯಿಂದ ನಾಂಪಲ್ಲಿಗೆ ಅಷ್ಟು ದೂರ ಪರದೆಯ ಸಂದಿಯಲ್ಲಿ ಊರು ನೋಡಿದಳು. ಒಳಗೆ ಹೋದ ಮೇಲೆ ಸೆರಗು ತಲೆ ಮೇಲೆ ಇರಬೇಕೆಂಬ ಕಟ್ಟಳೆ ಇಲ್ಲ! ಗಂಡಸರೇ ಇಲ್ಲವಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಬಯಲಿನಲ್ಲಿ ತಲೆ ಬಿಟ್ಟುಕೊಂಡು ನಡೆದೆ, ಗಾಳಿ ಕಿವಿಗೆ ತಾಗಿತು ಅಂತ ಹೇಳುತ್ತಿದ್ದಳು. ಅವಳು ಏನೇನು ನೋಡಿದಳು ಎಂಬ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಆದರೆ ಕಿವಿಗೆ ತಾಗಿದ ಗಾಳಿ ಮಾತ್ರ ಯಾವ ಸಲವೂ ತಪ್ಪಲಿಲ್ಲ.

ಅಲ್ಲಿ ಕೊಂಡದ್ದು ಒಂದು ಪಿಂಗಾಣಿ ಜಾಡಿ. "ಹನ್ನೆರಡಾಣೆ, ಹಾಲಿ" ಅನ್ನುತ್ತಿದ್ದಳು. ಈ 'ಹಾಲಿ' ಏನೆಂದು ಕಿರಿಯ ಕೇಳುಗರಿಗೆ ಹೇಳಬೇಕು. ನಿಜಾಮರ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ ಅಂತ. ಬ್ರಿಟಿಷರ ರೂಪಾಯಿಗೆ ಕಲ್ದಾರ ಅನ್ನುತ್ತಿದ್ದರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ, ಹೆಚ್ಚುಕಡಿಮೆ ಆ ಲೆಕ್ಕ. ವಿಲೀನದ ನಂತರವೂ ಕೆಲವು ವರ್ಷ ಎರಡೂ ಚಲಾವಣೆಯಲ್ಲಿದ್ದವು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಈ ಏಳು-ಆರರ ಲೆಕ್ಕವನ್ನು ನಿಂತಲ್ಲೇ ಮಾಡುತ್ತಿದ್ದಳು, ಅಂಗಡಿಯವನು ಬೆರಳು ಎಣಿಸುವುದರೊಳಗೆ. ಜಾಡಿ ಈಗ ನಮ್ಮ ಮನೆಯಲ್ಲಿದೆ. ಮುಚ್ಚಳ ಬೇರೆಯದು.

ಈಗ ಒಂದು ಆಟದ ಸುದ್ದಿ. ನಿಮ್ಮಲ್ಲಿ ಎಷ್ಟು ಜನ ಚೌಕಾಬಾರ ಆಡಿದ್ದೀರಿ? ಐದು-ಐದು ಮನೆಯ ಚೌಕ, ನಾಲ್ಕು ಕವಡೆ, ನಾಲ್ಕು ಜನ. ಅಜ್ಜಿಯ ವಠಾರದ ಕಟ್ಟೆಯ ಬಂಡೆಯ ಮೇಲೆ ಚೌಕವನ್ನು ಉಳಿಯಿಂದಲೇ ಕೊರೆದಿದ್ದರು. ಮಧ್ಯಾಹ್ನ ಗಂಡಸರು ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ, ನಾಲ್ವರು ಹೆಂಗಸರು ಕಟ್ಟೆಯ ಮೇಲೆ. ಒಬ್ಬಾಕೆ ರಾಯಚೂರಿನವಳು, ಒಬ್ಬಾಕೆ ಬೀದರಿನವಳು, ಇನ್ನಿಬ್ಬರು ಕಲಬುರಗಿ ಕಡೆಯವರು. ಸಂಸ್ಥಾನದ ಮೂರು ಕನ್ನಡ ಜಿಲ್ಲೆಗಳೂ ಒಂದೇ ಬಂಡೆಯ ಸುತ್ತ ಕೂತಿದ್ದವು ಅನ್ನಿ. ಸೋತವಳು ಮರುದಿನ ಎಲ್ಲರಿಗೂ ಚುರುಮುರಿ ತರಬೇಕು.

1956ರ ನವೆಂಬರ್ 1 ಬಂತು. ಭಾಷಾವಾರು ಪ್ರಾಂತ ರಚನೆ. ಹೈದರಾಬಾದ್ ರಾಜ್ಯ ಮೂರು ಪಾಲಾಗಿ ನಮ್ಮ ಮೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರಿಗೆ ಅದು ಹಬ್ಬ, ನಾವು ಈಗಲೂ ಆ ದಿನ ವಿಶೇಷ ಕಾರ್ಯಕ್ರಮ ಮಾಡುತ್ತೇವೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತಮುತ್ತ ಓಡಾಡಿದ ಹಿರಿಯರು ಅದಕ್ಕಾಗಿ ಎಷ್ಟು ದುಡಿದರು ಎಂಬುದನ್ನು ಇಲ್ಲಿ ಬಲ್ಲವರು ಬಲ್ಲರು. ಅವರ ದುಡಿಮೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಹಳೆಯ ರಾಜ್ಯದ ನೌಕರರನ್ನೂ ಹಂಚಲಾಯಿತು. ಕನ್ನಡದವರಲ್ಲಿ ಬಹಳ ಮಂದಿ ಮೈಸೂರು ರಾಜ್ಯಕ್ಕೆ ಹೋದರು. ರಾಯಚೂರಿನಾಕೆಯ ಗಂಡ ಕಂದಾಯ ಇಲಾಖೆ, ಬೀದರಿನಾಕೆಯ ಗಂಡ ಶಿಕ್ಷಣ ಇಲಾಖೆ. ಎರಡು ಮನೆಯ ಸಾಮಾನೂ ಒಂದೇ ವಾರದಲ್ಲಿ ಹೊರಬಿದ್ದವು. ತಾತನದು ರೈಲ್ವೆ, 1950ರಲ್ಲೇ ಕೇಂದ್ರದ ಕೈಗೆ ಹೋಗಿತ್ತು. ಹಾಗಾಗಿ ನಾವು ಉಳಿದೆವು.

"ನಾಲ್ಕರಾಗ ಎರಡು ಹ್ವಾದ್ವು. ಇಬ್ಬರು ಕೂತು ಆಡಿದ್ರ ಅದು ಆಟ ಏನು?" ಅನ್ನುತ್ತಿದ್ದಳು ಅಜ್ಜಿ. ಸುಮಾರು ಒಂದು ವರ್ಷ ಬಂಡೆಯ ಮೇಲೆ ಹಪ್ಪಳ ಒಣಗಿದವು. ಆಮೇಲೆ ಎದುರು ಮನೆಗೆ ಬಂದ ತೆಲುಗಿನಾಕೆ ಆ ಚೌಕ ನೋಡಿ "ಅಯ್ಯೋ, ಅಷ್ಟಾ ಚೆಮ್ಮ!" ಅಂದಳಂತೆ. ಆಟ ಅದೇ, ಹೆಸರು ಬೇರೆ. ಹಿಂದಿನ ಓಣಿಯಿಂದ ಒಬ್ಬ ಮರಾಠಿ ಹೆಂಗಸು ಸೇರಿದಳು. ನಾಲ್ಕು ಭರ್ತಿಯಾಯಿತು. ಜಗಳ ಮಾತ್ರ ಉರ್ದುವಿನಲ್ಲಿ, ಯಾಕೆಂದರೆ ಎಲ್ಲರಿಗೂ ಬರುತ್ತಿದ್ದದ್ದು ಅದೊಂದೇ. ಅಜ್ಜಿ ಕನ್ನಡದ ಊರಿಗೆ ಹೋಗದೆಯೇ ತನ್ನ ಆಟ ಉಳಿಸಿಕೊಂಡಳು. ಹೋದ ಆ ಇಬ್ಬರು ಗೆಳತಿಯರನ್ನು ಮತ್ತೆಂದೂ ನೋಡಲಿಲ್ಲ.

ಓದು ಕಲಿತದ್ದೂ ಹೀಗೇ ತಡವಾಗಿ. ನಿಜಾಮರ ಕಾಲದಲ್ಲಿ ಹಳ್ಳಿಯ ಹೆಣ್ಣು ಮಕ್ಕಳಿಗೆ ಕನ್ನಡ ಶಾಲೆ ಎಲ್ಲಿಯ ಮಾತು! 1960ರ ದಶಕದಲ್ಲಿ ನಮ್ಮ ಅಪ್ಪ ಕಾಚಿಗುಡದ ನೃಪತುಂಗ ಶಾಲೆಗೆ ಸೇರಿದರು. ಮಗನ ಪಾಟಿ ನೋಡಿ ಅವಳೂ ಅಕ್ಷರ ತಿದ್ದಿದಳು, ಅಡುಗೆ ಮನೆಯ ನೆಲದ ಮೇಲೆ ಹಿಟ್ಟಿನಲ್ಲಿ. ಅಷ್ಟರಲ್ಲಿ 'ಸುಧಾ' ವಾರಪತ್ರಿಕೆ ಬಂದಿತ್ತು, 1965ರಲ್ಲಿ. ಆಮೇಲೆ ತ್ರಿವೇಣಿ, ಅನಕೃ ಕಾದಂಬರಿಗಳು. ಓದಿದ ಕತೆಯನ್ನು ಕಟ್ಟೆಯಲ್ಲಿ ಉರ್ದುವಿನಲ್ಲಿ ಹೇಳುತ್ತಿದ್ದಳು. ತ್ರಿವೇಣಿಯವರ ನಾಯಕಿಯರು ದಖ್ಖನಿ ಉರ್ದುವಿನಲ್ಲಿ ಅತ್ತ ಜಾಗ ಲೋಕದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ!

ಸಂಜೆಯ ತಿರುಗಾಟಕ್ಕೆ ದುಡ್ಡು ಖರ್ಚಿಲ್ಲದ ಜಾಗ ಕಾಚಿಗುಡ ಸ್ಟೇಷನ್. 1916ರಲ್ಲಿ ಕಟ್ಟಿದ ಆ ಗುಮ್ಮಟ, ಮಿನಾರುಗಳನ್ನು ನೀವು ಅವಸರದಲ್ಲಿ ರೈಲು ಹಿಡಿಯುವಾಗ ತಲೆಯೆತ್ತಿ ನೋಡಿರಲಾರಿರಿ. ಅಜ್ಜಿಗೆ ಅವಸರ ಇರಲಿಲ್ಲ, ಯಾಕೆಂದರೆ ಅವಳ ತವರಿನ ರೈಲು ಅಲ್ಲಿಂದ ಹೊರಡುತ್ತಲೇ ಇರಲಿಲ್ಲ. ಕಾಚಿಗುಡ ಆಗ ಮೀಟರ್ ಗೇಜಿನ ಸ್ಟೇಷನ್, ಮನಮಾಡ್ ಕಡೆ, ದ್ರೋಣಾಚಲಂ ಕಡೆ ಹೋಗುವ ಗಾಡಿಗಳು. ಕಲಬುರಗಿಗೆ ನಾಂಪಲ್ಲಿಯಿಂದ ವಾಡಿ ಮೇಲೆ ಬ್ರಾಡ್ ಗೇಜ್. ಆ ದಾರಿಯಲ್ಲೇ ಇನ್ನೊಂದು ಲಿಂಗಂಪಲ್ಲಿ ಬರುತ್ತದೆ ನೋಡಿ, ನಿಮ್ಮದು. ಆಗ ಅಲ್ಲಿ ಬಂಡೆ, ಪೊದೆ ಬಿಟ್ಟರೆ ಏನೂ ಇರಲಿಲ್ಲವಂತೆ. ತವರಿಗೆ ಹೊರಟಾಗಲೆಲ್ಲ ಫಲಕ ನೋಡಿ "ನಮ್ಮ ಮನಿ ನಮ್ಮಕಿಂತ ಮೊದಲು ಇಲ್ಲಿಗೆ ಬಂದು ಕೂತದ" ಅಂತ ನಗುತ್ತಿದ್ದಳು.

ಮಕ್ಕಳನ್ನು ಕಟ್ಟಿಕೊಂಡು ಹೋದ ಜಾಗಗಳು ಬೇಕಾದಷ್ಟು. 1963ರಲ್ಲಿ ನೆಹರು ಮೃಗಾಲಯ ತೆರೆಯಿತು, ಎಲ್ಲರಂತೆ ಅವರೂ ಹೋದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಮೇಲಿನ ಮುಂದಿನ ಸೀಟು ಸಿಗದಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ಸಾಲಾರ್ ಜಂಗ್ ಮ್ಯೂಸಿಯಂ ಅವಳಿಗೆ ಎರಡು ಸಲ ಹೊಸದು: 1951ರಲ್ಲಿ ನೆಹರು ಉದ್ಘಾಟಿಸಿದಾಗ ದಿವಾನ್ ದೇವಡಿಯಲ್ಲಿ, 1968ರಲ್ಲಿ ಈಗಿನ ಕಟ್ಟಡದಲ್ಲಿ. ಎಲ್ಲರೂ ಮುಸುಕಿನ ರೆಬೆಕ್ಕಾಳ ಅಮೃತಶಿಲೆಯ ಮುಂದೆ ಬೆರಗಾಗಿ ನಿಂತರೆ ಅಜ್ಜಿ ಗಡಿಯಾರದ ಮುಂದೆ. ಗಂಟೆಗೊಮ್ಮೆ ಬಾಗಿಲು ತೆರೆದು ಗಡ್ಡದ ಗೊಂಬೆ ಹೊರಬಂದು ಗಂಟೆ ಬಾರಿಸಿ ಒಳಹೋಗುತ್ತಾನಲ್ಲ, ಅವನನ್ನು ನೋಡಿ "ನೌಕರಿ ಅಂದ್ರ ಇಂಥಾದ್ದಿರಬೇಕು" ಅಂದಳಂತೆ. ತಾತ ಪಕ್ಕದಲ್ಲೇ ಇದ್ದರು!

ಆದರೆ ಇವೆಲ್ಲಕ್ಕಿಂತ ದೊಡ್ಡದು ಎಳ್ಳಮಾವಾಸ್ಯೆಯ ಗಂಡಿಪೇಟೆ. 1908ರ ಮೂಸಿ ಪ್ರವಾಹದ ನಂತರ ಊರು ಉಳಿಸಲು ಕಟ್ಟಿದ ಉಸ್ಮಾನ್ ಸಾಗರ, 1920ರಲ್ಲಿ ಮುಗಿದದ್ದು. ನಮ್ಮ ಕಡೆ ಎಳ್ಳಮಾವಾಸ್ಯೆ ಅಂದರೆ ಹೊಲಕ್ಕೆ ಹೋಗಬೇಕು, ಪೈರಿಗೆ ಚರಗ ಚೆಲ್ಲಬೇಕು, ಆಮೇಲೆ ಬುತ್ತಿ ಬಿಚ್ಚಬೇಕು. ಸಜ್ಜೆ ರೊಟ್ಟಿ, ಸೊಪ್ಪು-ಕಾಳು ಎಲ್ಲ ಕೂಡಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಲಿಂಗಂಪಲ್ಲಿಯಲ್ಲಿ ಹೊಲ ಎಲ್ಲಿಂದ ತರುವುದು? ನಾಲ್ಕಾರು ಮನೆಯವರು ಬುತ್ತಿ ಕಟ್ಟಿಕೊಂಡು ಗಂಡಿಪೇಟೆಗೆ ಹೋಗುತ್ತಿದ್ದರು. ಕೆರೆಯಾಚೆ ಯಾರದೋ ಜೋಳದ ಹೊಲ. ಅಜ್ಜಿ ಆ ಹೊಲದ ಯಜಮಾನನಿಗೆ ಒಂದು ಹೋಳಿಗೆ ಕೊಟ್ಟು, ಕೇಳಿಕೊಂಡು, ಅವನ ಪೈರಿಗೆ ಚರಗ ಚೆಲ್ಲಿ ಬರುತ್ತಿದ್ದಳು. ಮೊದಲ ವರ್ಷ ಆತ ಬೆಚ್ಚಿದನಂತೆ, ಏನೋ ಮಾಟ ಮಾಡುತ್ತಿದ್ದಾರೆಂದು. ಮೂರನೇ ವರ್ಷದಿಂದ ಆತನೇ ದಾರಿ ಕಾಯುತ್ತಿದ್ದ. ಯಾರದೇ ಹೊಲವಾದರೂ ಹಸಿವು ನಮ್ಮದೇ ಅಲ್ಲವೇ ಅನ್ನುವುದು ಅವಳ ವಾದ.

ರೇಡಿಯೊ ವಿಷಯ ಬಿಟ್ಟರೆ ನಾನು ಎಂಥ ಉದ್ಘೋಷಕಿ! ಹೈದರಾಬಾದಿನ ಡೆಕ್ಕನ್ ರೇಡಿಯೊ 1935ರಿಂದ ಸರ್ಕಾರದ್ದು. ಉರ್ದುವಿನ ಜತೆ ತೆಲುಗು, ಮರಾಠಿ, ಕನ್ನಡದಲ್ಲೂ ಬಿತ್ತರಿಸುತ್ತಿತ್ತು. 1950ರ ಏಪ್ರಿಲ್ 1ರಂದು ಆಕಾಶವಾಣಿಯಾಯಿತು. ಅದೇ ವರ್ಷ ಜನವರಿಯಲ್ಲಿ ಧಾರವಾಡ ಕೇಂದ್ರವೂ ಶುರುವಾಗಿತ್ತು. ನಮ್ಮ ಮನೆಗೆ ರೇಡಿಯೊ ಬಂದದ್ದು ತಡವಾಗಿ, ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕದ ಸಮೇತ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಜ್ಜಿ ಕೌದಿ ಹೊಲಿಯುತ್ತ ಧಾರವಾಡ ಹಿಡಿಯುತ್ತಿದ್ದಳು. ಕರಕರ ಸದ್ದಿನ ನಡುವೆ ಒಂದು ಪದ ಸಿಕ್ಕರೆ ಸೂಜಿ ನಿಲ್ಲುತ್ತಿತ್ತು. ಉದ್ಘೋಷಕರು ನಮಸ್ಕಾರ ಅಂದರೆ ಇವಳೂ ನಮಸ್ಕಾರ ಅನ್ನುವಳು, ಕೈಯಲ್ಲಿ ಸೂಜಿ ಹಿಡಿದೇ.

ನಾನು ಈ ಕೆಲಸಕ್ಕೆ ಸೇರಿದಾಗ ಅವಳ ಕಣ್ಣು ಮಂದವಾಗಿತ್ತು, ಕಿವಿ ಚುರುಕಾಗಿತ್ತು. ನನ್ನ ಮೊದಲ ಕಾರ್ಯಕ್ರಮ ಕೇಳಿ "ಭಾಳ ಜಲ್ದಿ ಮಾತಾಡ್ತಿ, ಸೂಜಿಗೆ ದಾರ ಪೋಣಿಸೋಕೂ ಬಿಡಲ್ಲ" ಅಂದಳು. ಅವಳಿಗೆ ನೂರಾರು ಬೀಸುಕಲ್ಲಿನ ಪದ ಬರುತ್ತಿದ್ದವು. ಸ್ಟುಡಿಯೊಗೆ ಕರೆದುಕೊಂಡು ಹೋಗಿ ಧ್ವನಿಮುದ್ರಣ ಮಾಡುತ್ತೇನೆ ಅಂತ ನಾನೂ ಮಾತು ಕೊಟ್ಟೆ, ತಾತ ನುಮಾಯಿಷಿಗೆ ಕೊಟ್ಟ ಹಾಗೆ. ಯುಗಾದಿ ಆಗಲಿ, ಮಳೆ ನಿಲ್ಲಲಿ, ದಸರಾ ಕಳೆಯಲಿ... ಊರಿನವರ ಅಜ್ಜಿಯರನ್ನೆಲ್ಲ ಹುಡುಕಿಕೊಂಡು ಹೋಗಿ ಮೈಕು ಹಿಡಿದೆ. 2016ರಲ್ಲಿ ಅವಳು ತೀರಿಕೊಂಡಳು. ತಾತನಿಗಾದರೂ ಪೊಲೀಸ್ ಕಾರ್ಯಾಚರಣೆಯ ನೆಪ ಇತ್ತು.

ನನ್ನ ಬಳಿ ಇರುವುದು ಮೊಬೈಲಿನಲ್ಲಿ ಹಿಡಿದ ನಲವತ್ತು ಸೆಕೆಂಡು. ಅದರಲ್ಲಿ ಹಾಡಿಲ್ಲ. "ಇದು ಶುರು ಆಗ್ಯಾದೇನು?" ಅಂತ ಕೇಳುತ್ತಾಳೆ. ನಾನು ಹೂಂ ಅನ್ನುತ್ತೇನೆ. "ನಮಸ್ಕಾರ" ಅನ್ನುತ್ತಾಳೆ, ಬಹಳ ನಿಧಾನವಾಗಿ, ಧಾರವಾಡದವರ ಹಾಗೆ. ಆಮೇಲೆ ಕಾಚಿಗುಡ ಕಡೆಯಿಂದ ರೈಲಿನ ಸೀಟಿ, ಅವಳು ಅದು ಮುಗಿಯಲಿ ಅಂತ ಕಾಯುತ್ತಾಳೆ, ಅಷ್ಟರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ.

ನಿಮ್ಮ ಮನೆಯಲ್ಲಿ ಬೀಸುಕಲ್ಲಿನ ಪದ ಬಲ್ಲವರು ಯಾರಾದರೂ ಇದ್ದರೆ, ಯಾವ ಲಿಂಗಂಪಲ್ಲಿಯಾದರೂ ಸರಿ, ಈ ವಾರವೇ ತಿಳಿಸಿ. ಮೈಕು ತೆಗೆದುಕೊಂಡು ನಾನೇ ಬರುತ್ತೇನೆ.