ಬದಲಾವಣೆಯ ಡಂಗುರ: ಯೂನಿಕೋಡ್‌ನಲ್ಲಿ ೞಕಾರದ ಚರಿತ್ರೆ

ತಂತ್ರಾಂಶದ ಹೊಸ ಆವೃತ್ತಿಯೊಡನೆ ಬದಲಾವಣೆಗಳನ್ನು ವಿವರಿಸುವ ಟಿಪ್ಪಣಿಯೊಂದು ಪ್ರಕಟವಾಗುವುದು ವಾಡಿಕೆ. ಇದನ್ನು ಕೇವಲ ತಾಂತ್ರಿಕ ಬರಹವೆಂದು ಜಾನಪದ ಅಧ್ಯಯನವು ಬದಿಗಿರಿಸಬೇಕಾಗಿಲ್ಲ. ಪ್ರಕಾರದ ದೃಷ್ಟಿಯಿಂದ ಇದು ಡಂಗುರಕ್ಕೆ ಸಮೀಪವಾದುದು. ತಮಟೆ ಬಾರಿಸಿ ಸಾರುವವನು ಏನು ಬದಲಾಯಿತು, ಎಂದಿನಿಂದ, ಯಾರು ಏನು ಮಾಡತಕ್ಕದ್ದು ಎಂಬುದನ್ನು ಕೇಳುವವರ ಮಾತಿನಲ್ಲಿಯೇ ಹೇಳುತ್ತಾನೆ. ಟಿಪ್ಪಣಿಯು ಮೊದಲೆರಡನ್ನು ಹೇಳಿ ಮೂರನೆಯದನ್ನು ಎಷ್ಟೋ ವೇಳೆ ಬಿಟ್ಟುಬಿಡುತ್ತದೆ. ಇದರ ಪರಿಣಾಮವನ್ನು ೞಕಾರದ ನಿದರ್ಶನದಿಂದ ಇಲ್ಲಿ ಪರಿಶೀಲಿಸಲಾಗಿದೆ.

ಯೂನಿಕೋಡ್ ಸ್ವತಃ ತಂತ್ರಾಂಶವಲ್ಲ. ಲಿಪಿಗಳ ಅಕ್ಷರಗಳಿಗೆ ಸಂಕೇತಸಂಖ್ಯೆ ನೀಡುವ, ತಂತ್ರಾಂಶಗಳು ಅನುಸರಿಸುವ ಶಿಷ್ಟತೆ. ಆದರೂ ಅದಕ್ಕೆ ಆವೃತ್ತಿಗಳೂ ಬದಲಾವಣೆಯ ಟಿಪ್ಪಣಿಗಳೂ ಉಂಟು. ಮೊದಲ ಆವೃತ್ತಿ ಪ್ರಕಟವಾದುದು 1991ರಲ್ಲಿ. ಆರಂಭಿಕ ಆವೃತ್ತಿಗಳಲ್ಲಿಯೇ ೞಕಾರಕ್ಕೆ ಸ್ಥಾನ ದೊರೆಯಿತು. ಕೋಷ್ಟಕದಲ್ಲಿ ಅದರ ರೂಪವೂ ಸರಿಯಾಗಿದೆ. ಆದರೆ ಅದಕ್ಕಿತ್ತ ಹೆಸರು ಮಾತ್ರ ಇಂಗ್ಲಿಷಿನ ‘ಎಫ್’ ಧ್ವನಿಯನ್ನು ಸೂಚಿಸುವಂಥದು. ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿವೇಚಿಸಿ, ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದ ಕೇಶಿರಾಜನ ಭಾಷೆಯಲ್ಲಿ ಇಂತಹ ಪ್ರಮಾದ ನಡೆದುದು ವಿಪರ್ಯಾಸವೇ ಸರಿ. ಬಳಕೆಯಲ್ಲಿ ಅಳಿಯುತ್ತಿದ್ದ ಭೇದವನ್ನು ಬಳಸುವವರಿಗೆ ತಿಳಿಸಲೆಂದೇ ಹದಿಮೂರನೆಯ ಶತಮಾನದಲ್ಲಿ ಆತ ಆ ಶ್ರಮ ವಹಿಸಿದ್ದನು.

ಹೆಸರನ್ನು ತಿದ್ದಬಹುದಲ್ಲವೇ ಎಂಬ ಪ್ರಶ್ನೆ ಸಹಜ. ತಿದ್ದುವಂತಿಲ್ಲ. 1996ರ 2.0ನೆಯ ಆವೃತ್ತಿಯಿಂದೀಚೆಗೆ ಒಮ್ಮೆ ಕೊಟ್ಟ ಹೆಸರು ಶಾಶ್ವತ. ಅದನ್ನು ನಂಬಿ ರಚಿತವಾದ ತಂತ್ರಾಂಶಗಳು ಕೆಡಬಾರದೆಂಬುದು ಈ ನಿಯಮದ ಕಾರಣ. ಆದುದರಿಂದ 2006ರ 5.0ನೆಯ ಆವೃತ್ತಿಯು ತಪ್ಪು ಹೆಸರನ್ನು ಉಳಿಸಿಕೊಂಡು, ಸರಿಯಾದುದನ್ನು ಅಧಿಕೃತ ಪರ್ಯಾಯನಾಮವಾಗಿ ಬೇರೊಂದು ಕಡತದಲ್ಲಿ ದಾಖಲಿಸಿತು. ಹೀಗೆ ತಿದ್ದುಪಡಿಯೆಂಬುದು ಇಲ್ಲಿ ಸಂಪೂರ್ಣವಾಗಿ ಪ್ರಕಟಣೆಯ ರೂಪದಲ್ಲಿ ಮಾತ್ರ ಅಸ್ತಿತ್ವದಲ್ಲಿದೆ. ಪ್ರಕಟಣೆಯನ್ನು ಓದದವನ ಪಾಲಿಗೆ ತಿದ್ದುಪಡಿ ನಡೆದೇ ಇಲ್ಲ.

ಆ ಕಡತವೋ ಇಂಗ್ಲಿಷಿನಲ್ಲಿ, ತಂತ್ರಾಂಶ ರಚಿಸುವವರಿಗಾಗಿ ಬರೆದುದು. ಹಸ್ತಪ್ರತಿಯನ್ನು ಗಣಕಕ್ಕೇರಿಸುವ ಅಕ್ಷರಜೋಡಣೆಗಾರನನ್ನು ಉದ್ದೇಶಿಸಿದ ಮಾತು ಅದರಲ್ಲಿಲ್ಲ. ಅಕ್ಷರಪಟ್ಟಿಯಲ್ಲಿ ಹಳೆಯ ಹೆಸರನ್ನೇ ಕಾಣುವವನು ೞಕಾರವನ್ನು ಫಕಾರದ ರೂಪವೆಂದು ಭ್ರಮಿಸಲು ಅವಕಾಶವಿದೆ. ಆ ಧ್ವನಿಗೆ ‘ಫ’ದೊಡನೆ ಬಳಸತಕ್ಕ ನುಕ್ತವು ಯೂನಿಕೋಡ್‌ಗೆ ಸೇರಿದುದು 2003ರ 4.0ನೆಯ ಆವೃತ್ತಿಯಲ್ಲಿ. ೞಕಾರದ ಬದಲು ಳಕಾರವನ್ನೇ ಒತ್ತಿಬಿಟ್ಟರೆ ತೊಡಕು ಇನ್ನೊಂದು ಬಗೆಯದು: ಎರಡರ ಸಂಕೇತಸಂಖ್ಯೆ ಬೇರೆಯಾದುದರಿಂದ ಸಾಮಾನ್ಯ ಹುಡುಕಾಟದಲ್ಲಿ ಒಂದರಿಂದ ಮತ್ತೊಂದು ಸಿಗದು. ಗ್ರಂಥಸೂಚಿ ಸಿದ್ಧಪಡಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಸೇರ್ಪಡೆಗಳಂತೂ ನಡೆದೇ ಇವೆ. ಸಿದ್ಧಂ ಚಿಹ್ನೆ 2018ರ 11.0ನೆಯ ಆವೃತ್ತಿಯಲ್ಲಿಯೂ, ಸ್ವರವಿಲ್ಲದ ನಕಾರದ ಹಳೆಯ ರೂಪವಾದ ನಕಾರಪೊಲ್ಲು 2021ರ 14.0ನೆಯ ಆವೃತ್ತಿಯಲ್ಲಿಯೂ ಬಂದವು. ಇವುಗಳ ಸುದ್ದಿ ತಲುಪದ ಕಡೆ, ಹಳೆಯ ಅಕ್ಷರವಿನ್ಯಾಸವಿರುವ ಗಣಕದಲ್ಲಿ, ಆ ಚಿಹ್ನೆಗಳ ಜಾಗದಲ್ಲಿ ಖಾಲಿ ಚೌಕವಷ್ಟೇ ಕಾಣುತ್ತದೆ.